ಕಾಕಾ ಹಾಕಿದ ಸ್ವಿಚ್ಚು

ನಿಪ್ಪಾಣಿಯ ಮನೆಯಿಂದ ಹೊರಟಾಗ ಮೋಡ ಕವಿದಿತ್ತು. ಜೀಪಿನ ಹಿಂದೆ ನಮ್ಮ ಕ್ಯಾಂಪಿಂಗ್ ಟ್ರೇಲರು: ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಪುಟ್ಟದೊಂದು ಫ್ರಿಜ್ಜು. ಫ್ರಿಜ್ಜಿನಲ್ಲಿ ನನ್ನ ಗಂಡನ ಇನ್ಸುಲಿನ್. ಅದು ಕೆಟ್ಟರೆ ಪ್ರವಾಸ ಅಲ್ಲಿಗೇ ಮುಗಿಯಿತು. ಫ್ರಿಜ್ಜು ನಡೆಯುವುದು ಬ್ಯಾಟರಿಯಿಂದ, ಬ್ಯಾಟರಿಯ ಉಸ್ತುವಾರಿ ನನ್ನದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಆ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಡುವವಳಲ್ಲ.

ಚಿಕ್ಕೋಡಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋದೆವು. ಅಲ್ಲಿ ಚಹಾದಂಗಡಿಯವನು ಟ್ರೇಲರಿಗೆ ಒಂದು ಸುತ್ತು ಹಾಕಿ ಬಂದು, "ಕಬ್ಬ ಹೇರೂ ಗಾಡಿ ಅಲ್ಲ ಇದು. ಮತ್ತೇನ್ ಹೇರೀರಿ ಇದರಾಗ?" ಎಂದ.

"ಸಂಸಾರ" ಎಂದೆ.

"ಹಂಗಾದ್ರ ಭಾಳ ಲೋಡ್ ಐತಿ ಬಿಡ್ರಿ" ಎಂದು ನನ್ನ ಗಂಡನ ಕಡೆ ನೋಡಿ ನಕ್ಕ.

ಬಿಸಿಲು ಬೀಳದೆ ಟ್ರೇಲರಿನ ಮೇಲಿನ ಸೋಲಾರ್ ಕೈಕೊಟ್ಟಿತು. ರಾಯಬಾಗದ ಮೇಲೆ ಹಾದು ಮಧ್ಯಾಹ್ನದ ಹೊತ್ತಿಗೆ ದಿಗ್ಗೇವಾಡಿ ಸೇರಿದಾಗ ಬ್ಯಾಟರಿ ಅರ್ಧಕ್ಕಿಳಿದಿತ್ತು. ಅಲ್ಲಿ ನಮಗೆ ಬಹಳ ಕಾಲದಿಂದ ಬೇಕಾದವರು, ರೈತ ಪಾಯಗೌಡ ಕಾಕಾ. ಅವರ ಮನೆಯ ಕರೆಂಟಿಗೆ ನನ್ನ ಹಳೆಯ ಚಾರ್ಜರು ಹಚ್ಚಿದೆ. ಅದಕ್ಕೆ ತಾನಾಗಿ ನಿಲ್ಲುವುದು ಗೊತ್ತಿಲ್ಲ. ಹೊಟ್ಟೆ ತುಂಬಿದ ಮೇಲೂ ಬಡಿಸುತ್ತಲೇ ಇರುತ್ತದೆ, ಥೇಟ್ ಕಾಕಾನ ಹೆಂಡತಿ ಕಾಕುವಿನ ಹಾಗೆ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಬಿಸಿ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ತುಪ್ಪ ಇಳಿಯಿತು. ಊಟದ ನಂತರ ನೋಡಿದರೆ ಬ್ಯಾಟರಿ ತುಂಬಿತ್ತು. ಸ್ವಿಚ್ಚು ಆರಿಸಿ, ಕಾಕು ಬಿಡದ್ದರಿಂದ ಮನೆಯೊಳಗೇ ಮಲಗಿದೆವು.

ಬೆಳಿಗ್ಗೆ ಚಹಾ ಮಾಡಲು ಗಂಡ ಬೆಂಕಿಪೆಟ್ಟಿಗೆ ಹಿಡಿದು ಟ್ರೇಲರು ಹತ್ತಿದರು. ಹಿಂದೆಯೇ ಹೋದ ನನಗೆ ಬಾಗಿಲಲ್ಲೇ ಕೊಳೆತ ಮೊಟ್ಟೆಯ ವಾಸನೆ ಬಡಿಯಿತು.

"ರೀ, ಕಡ್ಡಿ ಗೀರಬ್ಯಾಡ್ರಿ! ಹೊರಗ ಬರ್ರಿ!"

ಅತಿಯಾಗಿ ಚಾರ್ಜಾದ ಬ್ಯಾಟರಿ ಗ್ಯಾಸು ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಓಡಿ ಮನೆಯ ಸ್ವಿಚ್ಚು ಆರಿಸಿ, ಟ್ರೇಲರಿನ ಬಾಗಿಲು ಕಿಟಕಿ ತೆರೆದಿಟ್ಟೆ. ಬ್ಯಾಟರಿ ಕೈ ಇಡಲಾರದಷ್ಟು ಬಿಸಿಯಾಗಿತ್ತು. ಆರಿಸಿದ್ದ ಸ್ವಿಚ್ಚು ಮತ್ತೆ ಹಾಕಿದವರು ಯಾರು?

ಕಾಕಾ ಮುಖ ಸಣ್ಣದು ಮಾಡಿಕೊಂಡು ಮುಂದೆ ಬಂದರು. "ರಾತ್ರಿ ನಾನಾ ಹಾಕೇನಿ ಯವ್ವಾ. ಬಂದ್ ಇತ್ತು, ನೀ ಮರತೀ ಅನ್ಕೊಂಡ್ನಿ. ನಮ್ಮ ಹೊಲದಾಗ ಪಂಪಿನ ಸ್ವಿಚ್ ಬಂದ್ ಮಾಡೂ ರೂಢಿನಾ ಇಲ್ಲ. ಕರೆಂಟ್ ಯಾವಾಗ ಬಂದ್ರೂ ಮೋಟರ್ ತಾನಾ ಹತ್ತಬೇಕು. ಮನಿಗೆ ಬಂದ ಬೀಗರ ಗಾಡಿ ಉಪಾಸ ಹೋಗಬಾರದು ಅಂತ..."

ಬೈಯಬೇಕೆಂದಿದ್ದೆ, ಆ ಮುಖ ನೋಡಿ ಬಿಟ್ಟೆ. ಇನ್ಸುಲಿನ್ ಕಾಕುವಿನ ಫ್ರಿಜ್ಜಿಗೆ ಹೋಯಿತು, ಮೊಸರಿನ ಪಕ್ಕಕ್ಕೆ. ಬ್ಯಾಟರಿ ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು, ಕಾಕಾ ಟ್ರ್ಯಾಕ್ಟರಿಗೆಂದು ತಂದಿಟ್ಟ ಬ್ಯಾಟರಿ ನೀರು ತುಂಬಿದೆ. ಮಧ್ಯಾಹ್ನ ಫ್ರಿಜ್ಜು ಹಚ್ಚಿ ನೋಡಿದರೆ ಸಲೀಸಾಗಿ ನಡೆಯಿತು. ಬ್ಯಾಟರಿ ಉಳಿದಿತ್ತು. ಹೊರಡುವವರೆಗೂ ಕಾಕಾ ಮಾತ್ರ ತಲೆ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ಕೃಷ್ಣೆ ದಾಟಿ ಅಥಣಿಗೆ ಬಂದವಳೇ ಮೊದಲು ಚಾರ್ಜರಿನ ಅಂಗಡಿ ಹುಡುಕಿದೆ, ಅಲ್ಲಿಯ ಹೆಸರಾದ ದ್ರಾಕ್ಷಿ ಕೊಂಡದ್ದು ಆಮೇಲೆ. ಹೊಸ ಚಾರ್ಜರು ಬ್ಯಾಟರಿ ತುಂಬಿದ ಕೂಡಲೇ ತಾನೇ ನಿಲ್ಲುವಂಥದ್ದು.

ನಮ್ಮ ಕೊನೆಯ ತಂಗುದಾಣ ಕಾಗವಾಡ. ಪರಿಚಯದವರ ಅಂಗಳದಲ್ಲಿ ಟ್ರೇಲರು ನಿಲ್ಲಿಸಿ, ಹೊಸ ಚಾರ್ಜರು ಹಚ್ಚಿ ಅದರಲ್ಲೇ ಮಲಗಿದೆವು. ಬೆಳಿಗ್ಗೆ ಹಸಿರು ದೀಪ ಹತ್ತಿತ್ತು, ಬ್ಯಾಟರಿ ತಣ್ಣಗಿತ್ತು, ಗಂಡ ಇಂಜೆಕ್ಷನ್ ಚುಚ್ಚಿಕೊಂಡಿದ್ದರು. ಊರ ಕಡೆ ಹೊರಡುವ ಮುಂಚೆ ಕಾಕಾನ ಫೋನು ಬಂತು.

"ಸ್ವಿಚ್ ಬಂದ್ ಮಾಡೀಯೇನವಾ?"

"ಇದು ಹೊಸಾದ್ರಿ ಕಾಕಾ. ತುಂಬಿದ ಮ್ಯಾಲ ತಾನಾ ನಿಂದ್ರತೈತಿ."

"ನಿಂದರ್ಲಿ ಬಿಡು. ನೀ ಒಮ್ಮೆ ಕೈಲೆ ಬಂದ್ ಮಾಡು. ನಾ ಕೇಳಸ್ಕೋತೇನಿ."

ಯಾರ ಮಾತಿಗೂ ಬಗ್ಗದ ನಾನು ಫೋನನ್ನು ಸ್ವಿಚ್ಚಿನ ಹತ್ತಿರ ಹಿಡಿದು, ಟಕ್ಕೆಂದು ಆರಿಸಿದೆ.

"ಕೇಳ್ತೇನ್ರಿ?"

"ಕೇಳ್ತವಾ" ಎಂದರು ಕಾಕಾ. "ಇನ್ನ ನಿನ್ನ ಗಂಡಗ ಕಡ್ಡಿ ಗೀರಾಕ ಹೇಳು. ಚಹಾ ಕುಡೀರಿ."