ಮೂಲೆ ದೀಪದ ಯಜಮಾನರು
ಸಮುದಾಯ ರೇಡಿಯೊದಲ್ಲಿ ನಾನು ನಡೆಸುವ ಊರಿನ ಚರ್ಚೆಗೆ ದಿನಾ ಮೊದಲು ಫೋನ್ ಮಾಡುತ್ತಿದ್ದವರು ಕುರ್ಚಿ ಹೆಣೆಯುವ ಯಜಮಾನರು. ವಿಷಯ ಬಸ್ಸಿನದಿರಲಿ, ಆಸ್ಪತ್ರೆಯದಿರಲಿ, ಗಂಟಲು ಸರಿಮಾಡಿಕೊಂಡು, “ಅದೆಲ್ಲ ಸರಿ ಕಣಮ್ಮ, ನಮ್ಮ ಬೀದಿ ಮೂಲೆಗೆ ದೀಪ ಯಾವಾಗ?” ಎನ್ನುತ್ತಿದ್ದರು. ಆ ದನಿ ಕೇಳಿದೊಡನೆ ಅತಿಥಿಯಾಗಿ ಬಂದ ಅಧಿಕಾರಿಗಳಿಗೆಲ್ಲ ಬಾಯಾರುತ್ತಿತ್ತು. ಎರಡು ವರ್ಷ ಹೀಗೆ ಎಲ್ಲರ ಜೀವ ತಿಂದ ಮೇಲೆ ದೀಪ ಬಂತು. ಕಂಡು ಮಾತಾಡಿಸೋಣವೆಂದು ಸಂಜೆ ಅವರ ಅಂಗಡಿಗೆ ಹೋದೆ. ಬೆರಳುಗಳು ಬೆತ್ತದ ಮೇಲೆ ಚಕಚಕನೆ ಓಡುತ್ತಿದ್ದವು, ಆದರೆ ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. “ಮತ್ತೆ ನಿಮಗೆ ದೀಪ...” ಎಂದು ತಡವರಿಸಿದೆ. “ಹೊಲಿಗೆ ಫ್ಯಾಕ್ಟರಿ ಹುಡುಗೀರು ಈ ಮೂಲೆ ಬಂದ್ರೆ ಓಡೋರು ಕಣಮ್ಮ, ಚಪ್ಪಲಿ ಸದ್ದು ಕೇಳ್ತಿತ್ತು” ಎಂದರು. “ಈಗ ಕೇಳು, ಮಾತಾಡ್ಕೊಂಡು ನಿಧಾನವಾಗಿ ನಡೀತಾರೆ.”