ಬುರುಲ್ಚಾಳ ಹೆಸರಿನಲ್ಲಿ

ಕರು ಸತ್ತ ಹಸು ಹಾಲಿಳಿಸದೆ ಮೊಂಡು ಹಿಡಿದು ನಿಂತರೆ ಅತ್‌ಬಾಶಿ ಕಣಿವೆಯ ಜನ ಅನಾರ್ಕಾನಳನ್ನು ಕರೆಯುತ್ತಿದ್ದರು. ಸತ್ತ ಕರುವಿನ ತೊಗಲನ್ನು ಹರಿಯದಂತೆ ಸುಲಿದು, ಉಪ್ಪು ಸವರಿ ಒಣಗಿಸಿ, ಹುಲ್ಲು ತುಂಬಿ ಹೊಲಿದು, ತುಲುಪ್ ಎನ್ನುವ ಆ ಬೊಂಬೆಯನ್ನು ತಾಯಿಯ ಮುಂದೆ ನಿಲ್ಲಿಸುವ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಸು ಮೂಸುವುದು, ಅನುಮಾನಿಸಿ ಹಿಂಜರಿಯುವುದು, ಮತ್ತೆ ಮೂಸಿ ನೆಕ್ಕತೊಡಗುವುದು. ಅಷ್ಟರಲ್ಲಿ ಬಕೆಟ್ಟಿನೊಳಗೆ ಹಾಲಿನ ಧಾರೆ ಸದ್ದು ಮಾಡುವುದು. ನೆರೆಮನೆಯ ಕಾಲಿಪಾ ಪ್ರತಿಸಲವೂ ಅದನ್ನೇ ಹೇಳುತ್ತಿದ್ದಳು: “ನನ್ನ ಗಂಡನಿಗೂ ಹೀಗೇ ಹುಲ್ಲು ತುಂಬಿಕೊಡೇ. ಮನೇಲಿ ಕೂತಿರ್ತಾನೆ, ಬಾಯಿ ಮಾತ್ರ ಇರಲ್ಲ.” ಅನಾರ್ಕಾನ್ ನಗುವಳು. ಆದರೆ ಹಾಲು ಕರೆದು ಮುಗಿಸುವ ತನಕ ಅಲ್ಲಿ ನಿಲ್ಲುತ್ತಿರಲಿಲ್ಲ. ಹಸುವಿನ ಆ ನಾಲಗೆಯನ್ನು ಹೆಚ್ಚು ಹೊತ್ತು ನೋಡುವುದು ಅವಳಿಂದಾಗುತ್ತಿರಲಿಲ್ಲ.

ಅವಳು ಸೊಸೆಯಾಗಿ ಈ ಮನೆಯ ಹೊಸಿಲು ತುಳಿದು ಮೂವತ್ತು ವರ್ಷಗಳಾಗಿದ್ದವು. ಅವುಗಳಲ್ಲಿ ಇಪ್ಪತ್ತಾರು ವರ್ಷ ಅತ್ತೆ ಉಮ್ಸುನಾಯ್ ಅವಳನ್ನು ನೇರವಾಗಿ ಮಾತಾಡಿಸಿರಲಿಲ್ಲ. ಅದಕ್ಕೆ ಕಾರಣ ಒಂದು ವಸಂತದ ಮಧ್ಯಾಹ್ನ. ಹೊಳೆಯಾಚೆ ಉಳಿದಿದ್ದ ಕುರಿಗಳನ್ನು ಹೊಡೆದುಕೊಂಡು ಬರಬೇಕಾದವಳು ಅನಾರ್ಕಾನ್. ಬಸಿರಿನ ಸಂಕಟದಿಂದ ತಲೆಯೆತ್ತಲಾರದೆ ಅವಳು ನಾದಿನಿಯನ್ನು ಕಳುಹಿಸಿದಳು. ಹಿಮ ಕರಗಿ ಉಕ್ಕಿದ್ದ ಹೊಳೆಯಿಂದ ಕುದುರೆಯೊಂದೇ ಈಚೆಗೆ ಬಂದಿತು. ಮೂರನೆಯ ದಿನ ಹುಡುಗಿಯ ಶವ ಸಿಕ್ಕಿತು. ಉಮ್ಸುನಾಯ್ ಎದೆ ಬಡಿದುಕೊಂಡಳು, ಹಾಡಿ ಅತ್ತಳು. ಸೊಸೆಯನ್ನು ಒಂದು ಮಾತೂ ಬಯ್ಯಲಿಲ್ಲ. ಅಂದಿನಿಂದ ಏನು ಬೇಕಾದರೂ ಮಗ ಎಸೆನನ ಮುಖ ನೋಡಿ, “ಒಲೆಗೆ ಬೆಂಕಿ ಬೇಕಂತ ಹೇಳು” ಎನ್ನುವಳು. ಕೇಳಬೇಕಾದವಳು ಪಕ್ಕದಲ್ಲಿಯೇ ನಿಂತಿರುತ್ತಿದ್ದಳು.

ಗಂಡನ ಕಡೆಯವರ ಹೆಸರು ಸೊಸೆಯ ಬಾಯಲ್ಲಿ ಬರಕೂಡದು. ನಾದಿನಿ ಬದುಕಿದ್ದಾಗ ಅನಾರ್ಕಾನ್ ಅವಳನ್ನು ‘ನೀಳಜಡೆ’ ಎಂದೇ ಕರೆದಿದ್ದಳು. ಸತ್ತ ಮೇಲೆಯೂ ಹಾಗೆಯೇ ನೆನೆಯುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. ಲೋಕ ಬಿಡುವವರು ಉಳಿಯುವವರಿಗೆ ‘ನಾನು ತೃಪ್ತಳು, ನಿನ್ನ ಮೇಲೆ ನನಗೇನೂ ಇಲ್ಲ’ ಎಂದು ಹೇಳಿ ಹೋಗಬೇಕು. ಆ ಮಾತು ದೊರೆಯದವರು ಅದರ ಭಾರವನ್ನು ಹೊತ್ತುಕೊಂಡೇ ದೇವರ ಮುಂದೆ ನಿಲ್ಲಬೇಕಾಗುತ್ತದೆ ಎಂಬುದನ್ನು ಆ ಕಣಿವೆಯಲ್ಲಿ ಸಂದೇಹಿಸುವವರಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಅನಾರ್ಕಾನ್ ಕಾದಳು. ಆದರೆ ಮುದುಕಿಯ ಮೈಗಿಂತ ಮೊದಲು ನೆನಪು ಸಡಿಲಿತು. ಒಂದು ಬೆಳಿಗ್ಗೆ ಚಹಾ ಬಟ್ಟಲನ್ನು ಹಿಡಿದು ಬಂದ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಅವಳು, “ಬಂದೆಯಾ, ನನ್ನ ಕುದುರೆಮರಿ? ಬಟ್ಟೆ ಒದ್ದೆ ಆಗಿಲ್ವಲ್ಲ?” ಎಂದಳು.

ಇಪ್ಪತ್ತಾರು ವರ್ಷಗಳ ಬಳಿಕ ತನ್ನತ್ತ ತಿರುಗಿದ ಆ ಮುಖದಲ್ಲಿ ತುಂಬಿದ್ದ ಪ್ರೀತಿ ತನ್ನದಲ್ಲವೆಂದು ಅನಾರ್ಕಾನಳಿಗೆ ತಿಳಿಯದೆ ಇರಲಿಲ್ಲ. ಅವಳು ಸುಳ್ಳಿಗೆ ಒಗ್ಗಿದ ಹೆಂಗಸಲ್ಲ. “ಅಪಾ” ಎಂದು ಅತ್ತೆಯನ್ನು ತಾಯಿಯೆಂದೇ ಕರೆದು, “ನಾನು ಅನಾರ್ಕಾನ್. ನಿಮ್ಮ ಸೊಸೆ” ಎಂದಳು. ಮುದುಕಿ ಕೈಯನ್ನು ಬಿಟ್ಟಳು. ಹಾಗಾದರೆ ಮಗಳೆಲ್ಲಿ ಎಂದು ಕೇಳಿದಳು. ಸೊಸೆಯ ಮುಖ ನೋಡಿ ತಾನೇ ಅರಿತುಕೊಂಡಳು. ಹೊಳೆಯ ದಡದಲ್ಲಿ ಅಂದು ಅತ್ತ ಅಳುವನ್ನೇ ಮತ್ತೆ ಅತ್ತಳು. ಎರಡು ದಿನ ನೀರನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಮರೆತು, “ಬಂದೆಯಾ, ಕುದುರೆಮರಿ?” ಎಂದಾಗ ಅನಾರ್ಕಾನ್ “ಬಂದೆ” ಎಂದಳು. ನಿಜ ಹೇಳಿದರೆ ಸತ್ತವಳನ್ನು ಇನ್ನೊಮ್ಮೆ ಸಾಯಿಸಿದ ಹಾಗೆ, ಹೇಳದಿದ್ದರೆ ತಾನೇ ಇಲ್ಲದ ಹಾಗೆ.

ನಮಾಜು ನಡೆಸುವ ಮುದುಕ ತುರ್ಗುನ್ ಮೊಲ್ದೊನನ್ನು ಅವಳು, ಹೀಗೆ ಮಗಳಾಗಿ ನಟಿಸುವುದು ಸರಿಯೇ ಎಂದು ಕೇಳಿದಳು. ಆತ ಜಪಮಣಿಗಳನ್ನು ಸರಿಸತೊಡಗಿದ. ಲೋಕದಲ್ಲಿ ಕಾಣುವುದೆಲ್ಲ ಹೀಗೆಯೇ, ಇರುವುದು ಬೇರೆ, ತೋರುವುದು ಬೇರೆ, ತೆರೆಯ ಹಿಂದಿರುವುದು ಒಬ್ಬನಿಗೇ ಗೊತ್ತು ಎಂದು ತಾನು ಓದಿದ್ದನ್ನೆಲ್ಲ ಹೇಳಿದ. ಅನಾರ್ಕಾನ್ ತಾಳ್ಮೆಯಿಂದ ಕೇಳಿ, “ಅದು ಸರಿ, ಅಜ್ಜ. ನಾಳೆ ಬೆಳಿಗ್ಗೆ ಚಹಾ ತಗೊಂಡು ಒಳಗೆ ಹೋಗೋಳು ಯಾರು? ಅದನ್ನ ಹೇಳಿ” ಎಂದಳು. ಮೊಲ್ದೊ ತಲೆ ತಗ್ಗಿಸಿ, “ನನ್ನ ಪುಸ್ತಕದಲ್ಲಿ ಅದಿಲ್ಲಮ್ಮಾ” ಎಂದ.

ಅಕ್ಟೋಬರಿನ ಒಂದು ಮುಂಜಾನೆ ಮುದುಕಿಯ ಕಣ್ಣು ಪೂರ್ತಿ ಮಂಕಾಯಿತು. ಎದುರಿಗಿರುವವಳ ಮುಖವನ್ನು ಬೆರಳುಗಳಿಂದ ಸವರಿ ಅವಳು, “ಯಾರು? ಹೆಸರು ಹೇಳು” ಎಂದಳು.

ಅನಾರ್ಕಾನ್ ತನ್ನ ಹೆಸರನ್ನು ಹೇಳಿದರೆ ಈ ಬೆರಳುಗಳು ಸರಿದುಹೋಗುವುವು. ಇನ್ನೊಂದು, ನಾದಿನಿಯ ಹೆಸರು, ಮೂವತ್ತು ವರ್ಷ ಆಡದೆ ಕಾದುಕೊಂಡು ಬಂದದ್ದು. ಬಾಗಿಲಲ್ಲಿ ನಿಂತಿದ್ದ ಎಸೆನ್ ಹೆಂಡತಿಯನ್ನೊಮ್ಮೆ ನೋಡಿ ಹೊರಗೆ ಹೋದ.

“ಬುರುಲ್ಚಾ” ಎಂದಳು ಅನಾರ್ಕಾನ್.

ಮುದುಕಿಯ ಮುಖ ಅರಳಿತು. “ನನ್ನ ಬಿಳಿ ಹಾಲು ನಿಂಗೆ ಸಲ್ಲಲಿ, ಮಗಳೇ. ನಂಗೆ ತೃಪ್ತಿ. ನಿನ್ನ ಮೇಲೆ ನಂಗೇನೂ ಇಲ್ಲ.”

ಕಾದ ಮಾತು ಬಂದಿತು, ಅಕ್ಷರ ತಪ್ಪದೆ ಬಂದಿತು. ಹೊಳೆಯ ಪಾಲಾದವಳಿಗೆ ಸಂದಿತು. ಅನಾರ್ಕಾನ್ ಧೈರ್ಯ ತಂದುಕೊಂಡು, “ಸೊಸೆಗೆ, ಅಪಾ? ಅವಳಿಗೇನಾದ್ರೂ ಹೇಳ್ತೀರಾ?” ಎಂದು ಕೇಳಿದಳು.

ಉಮ್ಸುನಾಯ್ ಸ್ವಲ್ಪ ಯೋಚಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಗೆಲಸವನ್ನು ಹಂಚಿಕೊಡುವವಳಂತೆ ನುಡಿದಳು. “ನಾನು ಹೋದ್ಮೇಲೆ ನನ್ನ ಮೈ ತೊಳೀತಾರಲ್ಲ, ಅದಕ್ಕೆ ಅವಳ ಕೈ ತಾಗ್ಬಾರ್ದು. ನೀನೇ ತೊಳಿ. ಮಾತು ಕೊಡು.”

ಅನಾರ್ಕಾನ್ ಮಾತು ಕೊಟ್ಟಳು. ಕೊಡದೆ ಇರುವ ದಾರಿ ಅವಳಿಗೆ ಹೊಳೆಯಲಿಲ್ಲ.

ಮಾರನೆಯ ಮಧ್ಯಾಹ್ನ ಮುದುಕಿ ತೀರಿಕೊಂಡಳು. ಅಂಗಳದಲ್ಲಿ ಕಂಬಳಿಯ ಡೇರೆ ಎದ್ದಿತು. ಗಂಡಸರು ರೂಢಿಯಂತೆ ಹೊರಗೆ ಕೋಲು ಊರಿ ಅಳತೊಡಗಿದರು. ಒಳಗೆ ಶವವನ್ನು ತೊಳೆಯಲು ಐವರು ಹೆಂಗಸರು ಸೇರಿದ್ದರು. ಹಿರಿತನ ವಹಿಸಿದ್ದ ಕಾಲಿಪಾ ಬಿಳಿಯ ಬಟ್ಟೆಯ ಕೈಗವಸುಗಳನ್ನು ಹಂಚುತ್ತ, ಹೊಸಿಲಲ್ಲಿಯೇ ನಿಂತ ಅನಾರ್ಕಾನಳ ಕಡೆಗೂ ಒಂದು ಜೊತೆಯನ್ನು ಚಾಚಿದಳು.

“ನಾನು ಮುಟ್ಟೋ ಹಾಗಿಲ್ಲ” ಎಂದಳು ಅನಾರ್ಕಾನ್.

“ಮುಟ್ಟು ಬಂದಿದೆಯಾ? ಈ ವಯಸ್ಸಿನಲ್ಲಾ?”

“ಇಲ್ಲ.”

“ಮತ್ತೇನು? ಆರು ತಿಂಗಳು ಮಗಳ ಹಾಗೆ ನೋಡ್ಕೊಂಡೋಳು ನೀನು. ನೀನಲ್ದೆ ಇನ್ಯಾರು? ಬಾ, ನೀರು ಆರ್ತಾ ಇದೆ.”

ಆಡಲು ಹೊರಟರೆ ಎಲ್ಲಿಂದ ತೊಡಗಬೇಕು, ಯಾವ ಬಾಯಿಂದ ಆಡಬೇಕು? ತೊಳೆದರೆ ಬೇಡವೆಂದ ಕೈ ತಾಗುತ್ತದೆ, ತೊಳೆಯದಿದ್ದರೆ ಬೇಕೆಂದ ಕೈ ತಪ್ಪುತ್ತದೆ, ಕೈಗಳಾದರೋ ಎರಡೇ. ಕಾಲಿಪಾ ತಡೆಯಲಾರದೆ ತಾನೇ ಅವಳ ಬೆರಳುಗಳನ್ನು ಗವಸಿನೊಳಕ್ಕೆ ತೂರಿಸಿ ದಾರವನ್ನು ಬಿಗಿದಳು. ಇನ್ನೊಬ್ಬಳು ನೀರು ಹೊಯ್ದಳು. ಅನಾರ್ಕಾನ್ ಬಲಗಡೆಯಿಂದ ತೊಡಗಿ, ಹೆಗಲು, ತೋಳು, ಪಕ್ಕೆಗಳನ್ನು ಒಂದೊಂದಾಗಿ ತೊಳೆದಳು. ಬಟ್ಟೆ ನೆನೆದು ತೆಳುವಾಗುತ್ತ ಬಂದಿತು. ಅದರೊಳಗಿಂದ ತಣ್ಣನೆಯ ಚರ್ಮವೂ ಎಲುಬುಗಳೂ ಅವಳ ಕೈಗೆ ತಿಳಿಯುತ್ತಿದ್ದವು. ಅವಳು ಆಗಾಗ ಮುದುಕಿಯ ಮುಖವನ್ನು ನೋಡುತ್ತಿದ್ದಳು. ಅದು ಯಾರನ್ನೂ ಕರೆಯಲಿಲ್ಲ, ಯಾರಿಂದಲೂ ತಿರುಗಿಕೊಳ್ಳಲಿಲ್ಲ.