ಕಾಂತೇಶ ತೋರಿಸಿದ ಕೂಸಿನ ಮುಖ

ಕದರಮಂಡಲಗಿ ಕಾಂತೇಶನ, ನಮ್ಮ ಹನುಮಪ್ಪನ, ಭಕ್ತರೇ, ಹೆತ್ತ ಮಗನ ಮುಖ ನೋಡದೆ ತಿಂಗಳುಗಟ್ಟಲೆ ಹಾಲುಣಿಸಿದವಳು ನಾನು. ಎರಡನೇ ಮಹಾಯುದ್ಧದ ವರ್ಷಗಳ ಮಾತು, ಬ್ಯಾಡಗಿಯಲ್ಲಿ.

ನನ್ನ ಕಣ್ಣಿನ ಒಳಮೂಲೆಗಳಲ್ಲಿ, ಮೂಗಿಗೆ ಹತ್ತಿಕೊಂಡು, ಚರ್ಮದ ಮಡಿಕೆ ಇತ್ತು. ನೋಡಿದವರಿಗೆ ಮೆಳ್ಳಗಣ್ಣು. ಸಂಬಂಧದೊಳಗಿನ ಮದುವೆಯಾದ್ದರಿಂದ ಯಾರೂ ಮಾತೆತ್ತಿರಲಿಲ್ಲ. ಮೊದಲ ಕೂಸು ಜ್ವರದಿಂದ ತೀರಿಕೊಂಡ ಮೇಲೆ ತಪ್ಪೆಲ್ಲ ನನ್ನ ಕಣ್ಣಿನದಾಯಿತು. ಎರಡನೆಯದು ಹುಟ್ಟಿದಾಗ ಅತ್ತೆ ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದೇ ಲೆಕ್ಕ. ಬರಲಿಲ್ಲ.

"ನೋಡ್ರಿ, ತಾಯಿ ದೃಷ್ಟೀನ ತಾಗೇತಿ!" ಎಂದರು ಅತ್ತೆ.

ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪೇಟೆಯಲ್ಲಿ ಹೊಗಳಿ ಮಾರುವವರು ಒಲೆಯ ಮುಂದೆ ಅದನ್ನು ಮರೆತರು.

ಹಾಲು ಕೊಡುವಾಗ ನನ್ನ ಕಣ್ಣಿಗೆ ಬಟ್ಟೆ. ಉಳಿದ ಹೊತ್ತು ಹಿಂದಿನ ಕೋಣೆ. ಗೋಡೆಯಾಚೆ ಕೂಸು ಅತ್ತರೆ ಎದೆ ಒದ್ದೆಯಾಗುತ್ತಿತ್ತು. ಬಟ್ಟೆ ಸರಿಸಿ ಕದ್ದು ನೋಡಬಹುದಿತ್ತು. ನೋಡಲಿಲ್ಲ. ಒಂದು ಕೂಸು ಕಳೆದುಕೊಂಡವಳು, ನನಗೂ ನನ್ನ ಕಣ್ಣಿನ ಭಯ.

"ಕಾಂತೇಶಾ, ನಿನ್ನ ಸಾಲಿಗ್ರಾಮದ ಕಣ್ಣ ಬೆಳಕು ನೋಡಾಕ ಊರೂರಿಂದ ಮಂದಿ ಬರತಾರ. ನನ್ನ ಕಣ್ಣಿಗೆ ನನ್ನ ಕೂಸನ್ನರ ತೋರ್ಸಪ್ಪಾ, ಬೆಳ್ಳಿ ಕಣ್ಣು ಮಾಡಿಸಿ ಒಪ್ಪಸ್ತೀನಿ" ಎಂದು ಅಳುತ್ತಿದ್ದೆ.

ಉತ್ತರ ಬಂದದ್ದು ಅತ್ತೆಯ ಕಣ್ಣಿನಿಂದ. ಪೊರೆ ಬಲಿತು ಅವರಿಗೆ ದಾರಿಯೇ ಕಾಣದಾಯಿತು. ರಾಣೆಬೆನ್ನೂರಿನ ದವಾಖಾನೆಗೆ ಕಣ್ಣಿನ ಡಾಕ್ಟರರು ಬಂದಿದ್ದಾರೆಂದು ಕೇಳಿ ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲಿನ ಬಸ್ಸು ಹತ್ತಿದೆವು. ಕೂಸು ಗಂಡನ ತೋಳಲ್ಲಿ, ನಾನು ಮುಸುಕಿನಲ್ಲಿ. ಡಾಕ್ಟರರು ಅತ್ತೆಯನ್ನು ನೋಡಿ ಮುಗಿಸಿ, ನನ್ನ ಮುಸುಕನ್ನೂ ತೆಗೆಸಿ ಬ್ಯಾಟರಿ ಬಿಟ್ಟರು.

"ಈಕಿ ಕಣ್ಣು ನೆಟ್ಟಗ ಅದಾವ್ರಿ. ಚರ್ಮ ಬಿಳಿಗುಡ್ಡಿ ಮುಚ್ಚೇತಿ, ಅದಕ್ಕ ಹಂಗ ಕಾಣ್ತಾವ. ಕೊಯ್ದು ಹೊಲಿಗಿ ಹಾಕಿದ್ರ ಆತು."

"ಇಬ್ಬರಿಗೂ ಮಾಡ್ರಿ" ಎಂದರು ಅತ್ತೆ.

ಪಕ್ಕಪಕ್ಕದ ಮಂಚಗಳಲ್ಲಿ ಅತ್ತೆ ಸೊಸೆ ಇಬ್ಬರೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದೆವು. ನನಗೆ ಹಳೆಯ ಕತ್ತಲೆಯೇ. ಕೂಸು ಎಲ್ಲೋ ಅಳುತ್ತಿತ್ತು.

"ಕಣ್ಣು ಕಟ್ಟಿದ್ರ ಹಿಂಗಿರತೈತೇನವ್ವಾ?" ಎಂದರು ಅತ್ತೆ.

"ಹೌದ್ರೀ ಅತ್ತಿ."

ಅವರು ಬಿಕ್ಕುವುದು ಕೇಳಿಸಿತು.

ಪಟ್ಟಿ ಬಿಚ್ಚಿದ ದಿನ ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು ಮೊಮ್ಮಗನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಮಡಿಲಿಗೆ ತಂದಿಟ್ಟರು.

"ನೋಡವ್ವಾ, ಕಣ್ತುಂಬ ನೋಡು. ನಿನ್ನ ಕಣ್ಣ ಹೊತ್ತು ಬಂದಾನ."

ಮಗನ ಕಣ್ಣಿನ ಮೂಲೆಗಳಲ್ಲೂ ಅದೇ ಮಡಿಕೆ ಇತ್ತು. ಅಂಥ ಚೆಂದದ ಕಣ್ಣು ನಾನು ಕಂಡಿರಲಿಲ್ಲ.

ಊರಿಗೆ ಬಂದಾಗ ನೆರೆಯಾಕೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ತಂದಳು. "ಸಾರಿಗೆ ಹಾಕವ್ವಾ" ಎಂದರು ಅತ್ತೆ.

ಹರಕೆಯ ಬೆಳ್ಳಿ ಕಣ್ಣುಗಳನ್ನು ಕಾಂತೇಶನಿಗೆ ಒಪ್ಪಿಸಿದ್ದೇನೆ. ಶನಿವಾರ ಶನಿವಾರ ಮಗನನ್ನು ಅವನೆದುರು ನಿಲ್ಲಿಸುತ್ತೇನೆ. ಇಬ್ಬರೂ ಒಬ್ಬರನ್ನೊಬ್ಬರು ನೆಟ್ಟಗೆ ನೋಡುತ್ತಾರೆ.